ಹೆಸರಿನ ದೀರ್ಘ

ಆಟಿ ತಿಂಗಳ ಮಳೆ ಶಾಲೆಯ ಹಂಚಿನ ಮಾಡಿನ ಮೇಲೆ ಎಡೆಬಿಡದೆ ಸುರಿಯುತ್ತಿದ್ದ ಒಂದು ಅಪರಾಹ್ನ. ಕಂಪ್ಯೂಟರ್ ಕೊಠಡಿಯಲ್ಲಿ ಒಂಬತ್ತನೆಯ ತರಗತಿಯ ಮೂವರು ಮಕ್ಕಳು ನನ್ನ ಕುರ್ಚಿಯ ಸುತ್ತ ನಿಂತಿದ್ದರು. ನಾನು ವೃತ್ತಿಯಿಂದ ಗಣಿತದ ಅಧ್ಯಾಪಕ. ಆದರೆ ನಮ್ಮ ಕಡೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಂಪ್ಯೂಟರನ್ನು ಕಂಡು ಹೆದರದ ಅಧ್ಯಾಪಕನ ಹೆಗಲಿಗೆ ಐಟಿ ಸಂಯೋಜಕನ ಹೊಣೆಯೂ ಬಂದು ಸೇರುವುದುಂಟು. ನನಗೂ ಹಾಗೆಯೇ ಬಂದಿತ್ತು. ಶಾಲೆಯ ವಾಚನಾಲಯದ ಎರವಲು ಪುಸ್ತಕ ತೇವಕ್ಕೆ ಉಬ್ಬಿ, ಪುಟಗಳು ಒಂದಕ್ಕೊಂದು ಅಂಟಿ, ಯಾರು ಯಾವ ಪುಸ್ತಕ ಒಯ್ದರೆಂಬುದು ತಿಳಿಯದಂತಾಗಿತ್ತು. ಅದಕ್ಕೊಂದು ಗಣಕೀಕೃತ ದಾಖಲೆಯನ್ನು ನಾವೇ ಸಿದ್ಧಪಡಿಸಬಾರದೇಕೆ ಎಂದು ಹೊರಟವರು ಆ ಮೂವರು ಮತ್ತು ನಾನು.

ಕೇರಳದ ಶಾಲೆಗಳ ಗಣಕ ಶಿಕ್ಷಣವು ಸ್ವತಂತ್ರ ತಂತ್ರಾಂಶದ ಮೇಲೆ ನಿಂತಿದೆ ಎಂಬುದು ಪೋಷಕರಿಗೆ ತಿಳಿದದ್ದೇ. ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಸಂಸ್ಥೆಯಾಯಿತು. ಮರುವರ್ಷ ಶಾಲೆಗಳಲ್ಲಿ ಲಿಟಲ್ ಕೈಟ್ಸ್ ಘಟಕಗಳು ಆರಂಭವಾದವು. ಪೈಥಾನ್ ಎಂಬ ಗಣಕಭಾಷೆಯ ಪರಿಚಯವೂ ಹೈಸ್ಕೂಲಿನ ಮಕ್ಕಳಿಗೆ ಪಾಠದಲ್ಲೇ ದೊರೆಯುತ್ತದೆ. ಆ ಭಾಷೆಯಲ್ಲೇ ರಚಿತವಾದ ಜಾಂಗೋ ಎಂಬ ಚೌಕಟ್ಟನ್ನು ನಾವು ಆರಿಸಿಕೊಂಡೆವು. ಮನೆ ಕಟ್ಟುವವನಿಗೆ ಕಂಬ, ತೊಲೆ, ಬಾಗಿಲುಗಳನ್ನು ಸಿದ್ಧವಾಗಿ ಒದಗಿಸಿದಂತೆ, ಜಾಲತಾಣ ಕಟ್ಟುವವನಿಗೆ ಬೇಕಾದ ಸಾಮಗ್ರಿಯನ್ನು ಇಂಥ ಚೌಕಟ್ಟು ಒದಗಿಸುತ್ತದೆ. ಬಳಕೆದಾರರ ಖಾತೆ ತೆರೆಯುವ, ಪಾಸ್‌ವರ್ಡ್ ಬದಲಾಯಿಸುವ ಆಜ್ಞೆಗಳೂ ಅದರಲ್ಲಿ ಮೊದಲೇ ಅಡಕವಾಗಿವೆ.

ಆ ದಿನ ಅಭ್ಯಾಸಕ್ಕೆಂದು ಇಟ್ಟ ಪ್ರತಿಯಲ್ಲಿ ಮಕ್ಕಳಿಂದಲೇ ಖಾತೆ ತೆರೆಸುವುದು ನನ್ನ ಉದ್ದೇಶ. ಮೇಲ್ವಿಚಾರಕರ ಖಾತೆ ತೆರೆಯುವ ಆಜ್ಞೆಯ ಹೆಸರು ‘ಕ್ರಿಯೇಟ್‌ಸೂಪರ್‌ಯೂಸರ್’. ಕಪ್ಪು ಪರದೆಯಲ್ಲಿ ಅದನ್ನು ಬರೆದು ಒತ್ತಿದರೆ ಯಂತ್ರ ಒಂದೊಂದಾಗಿ ಪ್ರಶ್ನೆ ಕೇಳುತ್ತದೆ: ಹೆಸರೇನು, ಮಿಂಚಂಚೆ ವಿಳಾಸವೇನು, ಪಾಸ್‌ವರ್ಡ್ ಏನು, ಅದನ್ನು ಇನ್ನೊಮ್ಮೆ ಬರೆಯಿರಿ. ದಾಖಲೆ ಕನ್ನಡದ್ದು, ಪುಸ್ತಕಗಳು ಕನ್ನಡದವು; ಹೆಸರೂ ಕನ್ನಡದಲ್ಲೇ ಇರಲಿ ಎಂದೆ. ಮಕ್ಕಳಿಗೆ ಅದು ಹಬ್ಬದಂತೆ ಕಂಡಿತು.

ಇಲ್ಲಿ ಮಕ್ಕಳ ನಿಜವಾದ ಹೆಸರುಗಳನ್ನು ನಾನು ಬದಲಿಸಿದ್ದೇನೆ. ಆದರೆ ಅಕ್ಷರಗಳ ಗುಣ ಬದಲಾಗದಂತೆ ನೋಡಿಕೊಂಡಿದ್ದೇನೆ. ಏಕೆಂದರೆ ಕಥೆಯಿರುವುದೇ ಅದರಲ್ಲಿ.

ಮೊದಲು ಕುಳಿತವನು ಉದಯ. ಹೆಸರು ಬರೆದ, ಯಂತ್ರ ಮರುಮಾತಿಲ್ಲದೆ ಮುಂದಿನ ಪ್ರಶ್ನೆಗೆ ಹೋಯಿತು. ಪಾಸ್‌ವರ್ಡ್ ಬರೆಯುವಾಗ ಪರದೆಯಲ್ಲಿ ಏನೂ ಮೂಡದ್ದನ್ನು ಕಂಡು ಕೀಲಿಮಣೆ ಕೆಟ್ಟಿತೆಂದು ಗಾಬರಿಗೊಂಡ. ಪಕ್ಕದವರ ಕಣ್ಣಿಗೆ ಬೀಳದಿರಲೆಂದು ಅದನ್ನು ಮರೆಮಾಡುತ್ತಾರೆ ಎಂದು ಸಮಾಧಾನ ಹೇಳಿದೆ. ಖಾತೆ ಸಿದ್ಧವಾಯಿತೆಂಬ ಸಂದೇಶ ಬಂದಿತು. ಎರಡನೆಯವಳು ಅನಘಾ. ಅವಳು ಅಷ್ಟೇ ಜಾಗರೂಕತೆಯಿಂದ ಹೆಸರು ಬರೆದಳು. ಯಂತ್ರ ಒಪ್ಪಲಿಲ್ಲ. ಸರಿಯಾದ ಹೆಸರನ್ನು ನಮೂದಿಸಬೇಕು, ಅದರಲ್ಲಿ ಅಕ್ಷರಗಳು, ಅಂಕೆಗಳು ಮತ್ತು ಗೊತ್ತುಪಡಿಸಿದ ಐದು ಚಿಹ್ನೆಗಳು ಮಾತ್ರ ಇರಬಹುದು ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಮೂಡಿತು. ಕೈತಪ್ಪಿರಬಹುದೆಂದು ಮತ್ತೆ ಬರೆದಳು. ಮತ್ತೆ ಅದೇ ವಾಕ್ಯ.

ಹುಡುಗಿ ಕ್ಷಣ ಯೋಚಿಸಿ, ಕೊನೆಯ ದೀರ್ಘವನ್ನು ಅಳಿಸಿ ‘ಅನಘ’ ಎಂದು ಬರೆದಳು. ಯಂತ್ರ ಒಪ್ಪಿತು. ಆಕೆ ನನ್ನತ್ತ ತಿರುಗಿ ಹೇಳಿದಳು: “ದೀರ್ಘ ಬಿಟ್ಟರೆ ಆಗುತ್ತದೆ ಸರ್. ಹೀಗೆಯೇ ಇರಲಿ, ಪರವಾಗಿಲ್ಲ.”

ಮೂರನೆಯವನು ಕಾರ್ತಿಕ್. ಅವನ ಹೆಸರೂ ತಿರಸ್ಕೃತವಾಯಿತು. ಅನಘಾಳ ಉಪಾಯವನ್ನು ಅನುಸರಿಸಿ ಅವನು ದೀರ್ಘ, ಒತ್ತು, ಗುಡಿಸುಗಳನ್ನು ಒಂದೊಂದಾಗಿ ಕಳಚುತ್ತ ಹೋದ. ಎಲ್ಲವನ್ನೂ ಕಳಚಿದ ಮೇಲೆ ಉಳಿದದ್ದು ‘ಕರತಕ’. ಪಂಚತಂತ್ರದ ಕರಟಕನ ನೆನಪಾಗಿ ಮೂವರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆದರೆ ‘ಪರವಾಗಿಲ್ಲ’ ಎಂದ ಆ ಹುಡುಗಿಯ ಮಾತು ಮಾತ್ರ ನಗೆಯ ನಡುವೆಯೂ ನನ್ನನ್ನು ಬಿಡಲಿಲ್ಲ.

ಅದಕ್ಕೆ ಕಾರಣವಿತ್ತು. ನಮ್ಮದು ಸಪ್ತಭಾಷಾ ಸಂಗಮಭೂಮಿ ಎಂದು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆ ಹೆಮ್ಮೆ ನ್ಯಾಯವಾದದ್ದೇ. ಆದರೆ 1956ರ ನವೆಂಬರ್ 1ರ ಬಳಿಕ ಇಲ್ಲಿನ ಕನ್ನಡ ಮಗುವಿನ ಹೆಸರು ಮನೆಯಲ್ಲೊಂದು ಲಿಪಿ, ಕಚೇರಿಯಲ್ಲಿ ಇನ್ನೊಂದು, ಪ್ರಮಾಣಪತ್ರದಲ್ಲಿ ಮತ್ತೊಂದು, ಹೀಗೆ ಮೂರು ಲಿಪಿಗಳ ಮೂಲಕ ಹಾದು ಬರಬೇಕಾಯಿತು. ಮಲಯಾಳದಲ್ಲಿ ಹೆಣ್ಣು ಹೆಸರಿನ ಕೊನೆಯನ್ನು ಹ್ರಸ್ವವಾಗಿ ಬರೆಯುವುದು ಆ ಭಾಷೆಯ ಸಹಜ ಪದ್ಧತಿ: ನಮ್ಮ ಲತಾ, ಗೀತಾ, ಅನಘಾ ಅಲ್ಲಿ ಲತ, ಗೀತ, ಅನಘ. ಇಂಗ್ಲಿಷಿನಲ್ಲಿ ಹ್ರಸ್ವದೀರ್ಘಗಳ ಭೇದವೇ ಉಳಿಯುವುದಿಲ್ಲ. ಅಲ್ಲಿಂದ ಮರಳಿ ಕನ್ನಡಕ್ಕೆ ಬರುವಾಗ ಹೆಸರು ಏನಾಗುವುದೆಂಬುದು ಬರೆಯುವವರ ಊಹೆಗೆ ಬಿಟ್ಟದ್ದು.

ನನ್ನ ಹೆಸರಿಗೂ ಹೀಗಾಗಿದೆ. ಒಂದು ದಾಖಲೆಯಲ್ಲಿ ನನ್ನ ಮನೆತನದ ಹೆಸರಿನ ಒತ್ತಕ್ಷರ ಬಿದ್ದುಹೋಗಿದೆ. ಮತ್ತೊಂದರಲ್ಲಿ ಅದು ಇದೆ. ನೌಕರಿಗೆ ಸೇರುವ ಹೊತ್ತಿನಲ್ಲಿ, ಆ ಇಬ್ಬರೂ ಒಬ್ಬನೇ ಎಂದು ನಾನೇ ಮುದ್ರಾಂಕದ ಕಾಗದದ ಮೇಲೆ ಪ್ರಮಾಣ ಮಾಡಬೇಕಾಯಿತು. ಅಂದು ನಾನೂ ‘ಪರವಾಗಿಲ್ಲ’ ಎಂದೇ ಹೇಳಿದ್ದೆ. ಸರದಿಯಲ್ಲಿ ನಿಂತವನಿಗೆ ಬೇರೆ ಮಾತು ತೋಚುವುದಿಲ್ಲ. ಆದರೆ ಈಗ ಆ ಮೇಜಿನ ಈಚೆ ಬದಿಯಲ್ಲಿ, ಯಂತ್ರವನ್ನು ಸಿದ್ಧಪಡಿಸುವವನ ಸ್ಥಾನದಲ್ಲಿ ನಾನೇ ಕುಳಿತಿದ್ದೆ. ಮಗುವಿನ ‘ಪರವಾಗಿಲ್ಲ’ವನ್ನು ಒಪ್ಪಿಕೊಳ್ಳುವ ಅಧಿಕಾರ ನನಗಿತ್ತೇ?

ಅಂದು ರಾತ್ರಿ ಕಾರಣ ಹುಡುಕಲು ಕುಳಿತೆ. ಸಿಕ್ಕ ಉತ್ತರ ಸರಳವಾಗಿತ್ತು.

ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ನೀಡುವ ಯುನಿಕೋಡ್ ಎಂಬ ವ್ಯವಸ್ಥೆಯ ಮೊದಲ ಆವೃತ್ತಿ 1991ರಲ್ಲಿ ಬಂದಿತು. ಕನ್ನಡಕ್ಕೆ ಅದರಲ್ಲಿ 128 ಸ್ಥಾನಗಳ ಒಂದು ವಿಭಾಗ ಮೀಸಲಾಗಿದೆ. ಅಲ್ಲಿ ‘ಘ’ ಒಂದು ಸ್ಥಾನ, ಅದರ ಬಲಕ್ಕೆ ಬರುವ ದೀರ್ಘಚಿಹ್ನೆ ಇನ್ನೊಂದು ಸ್ಥಾನ. ‘ಘಾ’ ಎಂಬುದಕ್ಕೆ ಪ್ರತ್ಯೇಕ ಸಂಖ್ಯೆಯಿಲ್ಲ. ಎರಡು ಸಂಖ್ಯೆಗಳು ಕೂಡಿ ಅದು ಆಗುತ್ತದೆ. ಯುನಿಕೋಡಿನ ವರ್ಗೀಕರಣದಲ್ಲಿ ‘ಘ’ ಅಕ್ಷರ. ದೀರ್ಘವಾದರೋ ಅಕ್ಷರವಲ್ಲ, ಅಕ್ಷರಕ್ಕೆ ಕೂಡುವ ಚಿಹ್ನೆ. ಗುಡಿಸು, ಕೊಂಬು, ಏತ್ವ, ಅನುಸ್ವಾರ, ವಿಸರ್ಗ, ಒತ್ತಕ್ಷರವನ್ನು ಉಂಟುಮಾಡುವ ಹಲಂತ, ಎಲ್ಲವೂ ಇದೇ ಗುಂಪಿನವು.

ಇಷ್ಟರಿಂದ ತೊಂದರೆಯೇನಿಲ್ಲ. ತೊಂದರೆ ಇರುವುದು ಮುಂದಿನ ಮೆಟ್ಟಿಲಿನಲ್ಲಿ. ಬಳಕೆದಾರ ಹೆಸರನ್ನು ಪರಿಶೀಲಿಸುವಾಗ ಜಾಂಗೋ, ಪೈಥಾನಿನಲ್ಲಿರುವ ಒಂದು ಸಂಕ್ಷಿಪ್ತ ನಿಯಮವನ್ನು ಆಶ್ರಯಿಸುತ್ತದೆ. ಪದದಲ್ಲಿ ಬರಬಹುದಾದ ವರ್ಣ ಯಾವುದು ಎಂಬುದಕ್ಕೆ ಆ ನಿಯಮದ ಉತ್ತರ: ಅಕ್ಷರ, ಅಂಕೆ, ಅಡಿಗೆರೆ. ಕೂಡುಚಿಹ್ನೆಗಳು ಆ ಲೆಕ್ಕಕ್ಕೆ ಸೇರಿಲ್ಲ. ಅವನ್ನೂ ಸೇರಿಸಬೇಕೆಂದು ಯುನಿಕೋಡಿನ ಮಾರ್ಗಸೂಚಿಯಲ್ಲಿ ಇದೆ. ಆದರೆ ಪೈಥಾನಿನ ಈ ನಿಯಮ ಹಳೆಯ ದಾರಿಯಲ್ಲೇ ನಡೆದಿದೆ. ಆದುದರಿಂದ ಉದಯ ಒಳಗೆ, ವಿಜಯ ಹೊರಗೆ. ಭರತ ಒಳಗೆ, ಅವನ ತಮ್ಮ ಶತ್ರುಘ್ನ ಹೊರಗೆ. ಅಜಯ, ಅಭಯ, ಕಮಲ ಇವರಿಗೆ ಸ್ವಾಗತ; ಶಂಕರ, ರಘು, ಉಮಾ ಇವರಿಗೆ ಬಾಗಿಲು ಮುಚ್ಚಿದೆ. ಒಂದನೆಯ ತರಗತಿಯ ಮಗು ವರ್ಷವಿಡೀ ಸ್ಲೇಟಿನ ಮೇಲೆ ತಿದ್ದಿ ಕಲಿತ ಕಾಗುಣಿತವನ್ನು ಯಂತ್ರ ಒಂದೇ ವಾಕ್ಯದಲ್ಲಿ ‘ಅಕ್ಷರವಲ್ಲ’ ಎಂದುಬಿಟ್ಟಿತ್ತು.

ಇದರಲ್ಲಿ ಯಾರ ದುರುದ್ದೇಶವೂ ಇಲ್ಲ ಎಂಬುದನ್ನು ಒತ್ತಿ ಹೇಳಬೇಕು. ಜಾಂಗೋ ಹುಟ್ಟಿದ್ದು ನಮ್ಮ ನಿಮ್ಮಂಥ ಪತ್ರಿಕಾಪ್ರಿಯರ ನಡುವೆ: ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಪಟ್ಟಣದ ‘ಲಾರೆನ್ಸ್ ಜರ್ನಲ್ ವರ್ಲ್ಡ್’ ಪತ್ರಿಕೆಯ ಕಚೇರಿಯಲ್ಲಿ, 2003ರಲ್ಲಿ. ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲ್ಲಿಸನ್ ಎಂಬ ಇಬ್ಬರು ತಂತ್ರಜ್ಞರು ಪತ್ರಿಕೆಯ ತಾಣಕ್ಕಾಗಿ ಕಟ್ಟಿದ್ದನ್ನು 2005ರ ಜುಲೈಯಲ್ಲಿ ಎಲ್ಲರಿಗೂ ಮುಕ್ತವಾಗಿ ನೀಡಲಾಯಿತು. ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟನ ನೆನಪಿಗೆ ಆ ಹೆಸರು. ಅದರ ಭಾಷಾಪಟ್ಟಿಯಲ್ಲಿ ಕನ್ನಡಕ್ಕೂ ಸ್ಥಾನವಿದೆ. ಅಷ್ಟೇ ಅಲ್ಲ, ಅದರ ಪ್ರತಿಯೊಂದು ಭಾಗಕ್ಕೂ ಪರೀಕ್ಷೆಗಳನ್ನು ಬರೆದಿಟ್ಟಿದ್ದಾರೆ. ಯಾರು ಬೇಕಾದರೂ ತೆರೆದು ಓದಬಹುದು.

ಆ ಪರೀಕ್ಷೆಗಳನ್ನು ನಾನು ಓದಿದೆ. ಖಾತೆಯ ಆಜ್ಞೆಗಳನ್ನು ಪರೀಕ್ಷಿಸುವ ಕಡತದಲ್ಲಿ ಮೊದಲು ಎದುರಾಗುವವನು ‘ಜೋ’. ಪಾಸ್‌ವರ್ಡ್ ಬದಲಾಯಿಸುವುದು ಹೆಚ್ಚಾಗಿ ಅವನೇ. ಇಂಗ್ಲಿಷೇತರ ಹೆಸರುಗಳ ನೆನಪು ಬಂದಾಗ ಅಲ್ಲಿ ‘ಜೂಲಿಯಾ’ ಬರುತ್ತಾಳೆ. ಅವಳ ಹೆಸರಿನ ಉಕಾರದ ನೆತ್ತಿಯಲ್ಲೊಂದು ಸಣ್ಣ ಗೆರೆ. ಹೆಸರುಗಳ ನಿಯಮವನ್ನು ಪರೀಕ್ಷಿಸುವ ಇನ್ನೊಂದು ಕಡತದಲ್ಲಿ ‘ರೆನೆ’ ಎಂಬ ಫ್ರೆಂಚ್ ಹೆಸರೂ, ಅರಬಿ ಲಿಪಿಯಲ್ಲಿ ಬರೆದ ‘ಅಹ್ಮದ್’ ಎಂಬ ಹೆಸರೂ ಇವೆ. ಬರೆದವರು ತಮ್ಮ ಊರಿನಾಚೆಗೂ ಕಣ್ಣು ಹಾಯಿಸಿದ್ದರೆಂಬುದಕ್ಕೆ ಇದು ಸಾಕ್ಷಿ. ಆದರೆ ಗೆರೆಯನ್ನು ಹೊತ್ತ ಆ ಲ್ಯಾಟಿನ್ ಅಕ್ಷರಕ್ಕೆ ಯುನಿಕೋಡಿನಲ್ಲಿ ಸ್ವಂತ ಸಂಖ್ಯೆಯಿದೆ. ಅರಬಿಯ ಅಹ್ಮದನನ್ನು ಸ್ವರಚಿಹ್ನೆಗಳಿಲ್ಲದೆ ಬರೆಯುವುದೇ ರೂಢಿ. ಕಾಗುಣಿತದ ಹೆಸರೊಂದು ಆ ಪಟ್ಟಿಯಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ನೆರೆಮನೆಯವರನ್ನು ಮದುವೆಗೆ ಕರೆಯದೆ ಇರುವುದಕ್ಕೆ ದ್ವೇಷವೇ ಕಾರಣವಾಗಬೇಕೆಂದಿಲ್ಲ. ಅವರು ಇದ್ದಾರೆಂಬುದು ಗೊತ್ತಿಲ್ಲದಿದ್ದರೂ ಸಾಕು.

ಇನ್ನೊಂದು ಸಣ್ಣ ಸಂಗತಿ ನನ್ನನ್ನು ಹೆಚ್ಚು ಕಾಡಿತು. ಹೆಸರು ಕೇಳುವಾಗ ಆ ಆಜ್ಞೆ ತಾನೇ ಒಂದು ಹೆಸರನ್ನು ಸೂಚಿಸುತ್ತದೆ. ಕಂಪ್ಯೂಟರಿನಲ್ಲಿ ಕುಳಿತವರ ಹೆಸರನ್ನು ತೆಗೆದುಕೊಂಡು, ಮೇಲಿನ ಗೆರೆ, ಚುಕ್ಕಿಗಳನ್ನು ಕಳಚಿ, ಸಾದಾ ಇಂಗ್ಲಿಷ್ ಅಕ್ಷರಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಜೂಲಿಯಾಳ ಗೆರೆ ಹೋಗಿ ಜೂಲಿಯಾ ಉಳಿಯುತ್ತಾಳೆ ಎಂದು ಪರೀಕ್ಷೆಯೂ ದೃಢಪಡಿಸುತ್ತದೆ. ಅದೇ ಕ್ರಿಯೆಗೆ ‘ಅನಘಾ’ ಎಂದು ಕೊಟ್ಟು ನೋಡಿದೆ. ಉಳಿದದ್ದು ಶೂನ್ಯ, ಒಂದೂ ಅಕ್ಷರವಿಲ್ಲ.

ಹಾಗಾದರೆ ನಮ್ಮ ಪರೀಕ್ಷೆಯನ್ನು ನಾವೇ ಬರೆಯೋಣ ಎಂದು ನಿಶ್ಚಯಿಸಿದೆ. ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು, ಏಕೆಂದರೆ ಈ ಬರಹದ ಪಾಠ ಅದರಲ್ಲೇ ಇದೆ. ನನ್ನ ಮೊದಲ ಪರೀಕ್ಷೆಯಲ್ಲಿ, ಜಾಂಗೋದವರು ಜೂಲಿಯಾಳನ್ನು ಸೃಷ್ಟಿಸಿದ ರೀತಿಯಲ್ಲೇ, ಅನಘಾಳ ಖಾತೆಯನ್ನು ನೇರವಾಗಿ ಕ್ರಮವಿಧಿಯ ಮೂಲಕ ಸೃಷ್ಟಿಸಿ, ‘ಚೇಂಜ್‌ಪಾಸ್‌ವರ್ಡ್’ ಆಜ್ಞೆಯಿಂದ ಪಾಸ್‌ವರ್ಡ್ ಬದಲಾಯಿಸಿದೆ. ಆಜ್ಞೆ ಅವಳ ಹೆಸರನ್ನು ದೀರ್ಘಸಹಿತ ಮುದ್ರಿಸಿತು. ಕೊನೆಯಲ್ಲಿ ಎಲ್ಲವೂ ಸರಿ ಎಂಬ ಫಲಿತಾಂಶ! ಕ್ಷಣಕಾಲ ನನಗೆ ನಂಬಿಕೆಯೇ ಬರಲಿಲ್ಲ. ಪರೀಕ್ಷೆ ಗೆದ್ದಿತ್ತು, ಆದರೆ ಮಗು ಸೋತಿದ್ದಳು.

ಕಾರಣ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಕ್ರಮವಿಧಿಯಿಂದ ನೇರವಾಗಿ ಖಾತೆ ತೆರೆಯುವಾಗ ಹೆಸರಿನ ನಿಯಮವನ್ನು ಯಾರೂ ವಿಚಾರಿಸುವುದಿಲ್ಲ. ಅದು ಮನೆಯವರ ಹಿತ್ತಿಲ ಬಾಗಿಲು. ಪ್ರಶ್ನೆಗೆ ಉತ್ತರಿಸುತ್ತ ಬರುವವರು ಮುಂಬಾಗಿಲಲ್ಲಿ ಬರುತ್ತಾರೆ; ಕಾವಲಿರುವುದು ಅಲ್ಲಿ. ನಾನು ಮಗುವನ್ನು ಹಿತ್ತಿಲಿನಿಂದ ಒಳಕ್ಕೆ ಕರೆತಂದು, ಮುಂಬಾಗಿಲು ತೆರೆದಿದೆಯೆಂದು ಸಾರಿದ್ದೆ. ಪರೀಕ್ಷಕನು ತಾನು ನಡೆಯಬಲ್ಲ ದಾರಿಯಲ್ಲಿ ನಡೆದು ಫಲಿತಾಂಶ ಬರೆದರೆ ಆಗುವುದು ಹೀಗೆಯೇ. ನಡೆಯಬೇಕಾದದ್ದು ಮಗು ನಡೆಯುವ ದಾರಿಯಲ್ಲಿ.

ಎರಡನೆಯ ಪರೀಕ್ಷೆಯನ್ನು ಮಕ್ಕಳೊಡನೆ ಕುಳಿತು ಬರೆದೆ. ಅದರ ಕ್ರಮವನ್ನು ಅವರಿಗೆ ತಾಳಮದ್ದಳೆಯ ಹೋಲಿಕೆಯಿಂದ ವಿವರಿಸಿದೆ. ಪಾರ್ತಿಸುಬ್ಬನ ಊರಾದ ಕುಂಬಳೆಯ ಸೀಮೆಯ ಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಆದರೆ ಪ್ರಶ್ನೆ ನಿಜ, ಉತ್ತರ ನಿಜ, ವಾದದಲ್ಲಿ ಸೋಲು ಗೆಲುವೂ ನಿಜ. ಪರೀಕ್ಷೆಯೂ ಹಾಗೆ. ಅಲ್ಲಿ ಕೀಲಿಮಣೆಯ ಮುಂದೆ ಯಾರೂ ಕುಳಿತಿರುವುದಿಲ್ಲ. ಹೆಸರು ಕೇಳಿದಾಗ ‘ಅನಘಾ’ ಎನ್ನು, ಪಾಸ್‌ವರ್ಡ್ ಕೇಳಿದಾಗ ಇದನ್ನು ಹೇಳು ಎಂದು ಬದಲಿ ಪಾತ್ರಧಾರಿಯೊಬ್ಬನಿಗೆ ಮೊದಲೇ ಹೇಳಿಕೊಟ್ಟಿರುತ್ತೇವೆ. ಪರದೆಯಲ್ಲಿ ಮೂಡಬೇಕಾದ ಮಾತನ್ನು ಪರದೆಗೆ ಕಳುಹಿಸದೆ ಹಿಡಿದಿಟ್ಟು ಓದುತ್ತೇವೆ. ಇದಕ್ಕೆಂದೇ ಒಂದು ಖಾಲಿ ದತ್ತಸಂಚಯ ಸಿದ್ಧವಾಗಿ, ಕೆಲಸ ಮುಗಿದೊಡನೆ ಸ್ಲೇಟು ಒರೆಸಿದಂತೆ ಅಳಿದುಹೋಗುತ್ತದೆ. ಶಾಲೆಯ ನಿಜವಾದ ದಾಖಲೆಗೆ ಕೂದಲೂ ಕೊಂಕುವುದಿಲ್ಲ.

ಈ ಬಾರಿ ಪರೀಕ್ಷೆ ಸೋತಿತು. ಸೋತದ್ದನ್ನು ಕಂಡು ನಾನು ಸಂತೋಷಪಟ್ಟಾಗ ಮಕ್ಕಳಿಗೆ ಆಶ್ಚರ್ಯ. ಉತ್ತರಪತ್ರಿಕೆಯಲ್ಲಿ ಸೋಲು ಎಂದರೆ ಕೆಂಪು ಗೆರೆ ಎಂದಷ್ಟೇ ಅವರಿಗೆ ಗೊತ್ತು. ನೋವು ಎಲ್ಲಿದೆಯೆಂದು ವೈದ್ಯರ ಬೆರಳು ಕಂಡುಹಿಡಿದಂತೆ ಇದು ಎಂದೆ. ಅನಘಾಳಿಗೆ ಕಪ್ಪು ಪರದೆಯಲ್ಲಿ ಎದುರಾದ ಅದೇ ವಾಕ್ಯ ಈಗ ಪರೀಕ್ಷೆಯ ಫಲಿತಾಂಶದಲ್ಲಿ ಸಿಕ್ಕಿಬಿದ್ದಿತ್ತು. ಇನ್ನು ಅದನ್ನು ಯಾರೂ ‘ಕೈತಪ್ಪು’ ಎಂದು ತಳ್ಳಿಹಾಕುವಂತಿಲ್ಲ.

ದುರಸ್ತಿಗೆ ದಾರಿ ಜಾಂಗೋದಲ್ಲೇ ಇದೆ. ಹೆಸರಿನ ನಿಯಮವನ್ನು ತೆಗೆದು ನಮ್ಮದನ್ನು ಇರಿಸಲು ಅದು ಅವಕಾಶ ಕೊಡುತ್ತದೆ. ಆದರೆ ನಿಯಮವನ್ನೇ ಕಿತ್ತೆಸೆದರೆ ಆಗದೇ ಎಂದು ಕಾರ್ತಿಕ್ ಕೇಳಿದ. ಆಗದು. ಕಣ್ಣಿಗೆ ಕಾಣದ ವರ್ಣಗಳೂ ಯುನಿಕೋಡಿನಲ್ಲಿವೆ. ಅವನ್ನು ನಡುವೆ ತುರುಕಿದರೆ ನೋಡಲು ಒಂದೇ ರೀತಿಯ ಎರಡು ಹೆಸರುಗಳು ಹುಟ್ಟಿ, ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಪುಸ್ತಕ ಒಯ್ಯಬಹುದು. ಕಾವಲು ಬೇಕು, ಕಾವಲುಗಾರನಿಗೆ ಕಾಗುಣಿತವೂ ಗೊತ್ತಿರಬೇಕು. ಹೆಸರು ಅಕ್ಷರದಿಂದ ಆರಂಭವಾಗಲಿ, ಮುಂದೆ ಅಕ್ಷರಗಳ ಜೊತೆ ಕನ್ನಡದ ಸ್ವರಚಿಹ್ನೆ, ಅನುಸ್ವಾರ, ವಿಸರ್ಗ, ಹಲಂತಗಳೂ ಬರಲಿ ಎಂದು ಬರೆದೆವು. ‘ರಾಜ್‌ಕುಮಾರ್’ ಎಂಬಂಥ ಹೆಸರಿನಲ್ಲಿ ಜಕಾರವನ್ನೂ ಕಕಾರವನ್ನೂ ಬೇರೆಯಾಗಿ ನಿಲ್ಲಿಸಲು ಕಾಣದ ವರ್ಣವೊಂದು ನಿಜವಾಗಿಯೂ ಬೇಕಾಗುತ್ತದೆ. ಅದನ್ನು ಹೇಗೆ ಒಪ್ಪಿಕೊಳ್ಳುವುದೆಂಬ ಪ್ರಶ್ನೆಯನ್ನು ಮುಂದಿನ ದಿನಗಳಿಗೆ ಉಳಿಸಿಕೊಂಡಿದ್ದೇವೆ.

ಆಮೇಲೆ ಹೆಸರುಗಳ ಪಟ್ಟಿ ಬೆಳೆಯತೊಡಗಿತು. ಅತಿ ಕಠಿಣವಾದ ಹೆಸರನ್ನು ಯಾರು ತರುವಿರಿ ಎಂದು ಕೇಳಿದಾಗ ಮಕ್ಕಳು ಮನೆಯ ಅಜ್ಜಿಯರ ಹೆಸರು ಹೊತ್ತು ತಂದರು: ಲಕ್ಷ್ಮಿ, ಬೀಫಾತಿಮಾ, ಕುಂಞಮ್ಮ. ನಾನು ಸೇರಿಸಿದ್ದು ನಮ್ಮ ಮಣ್ಣಿನದೇ ಹೆಸರು. ಕಯ್ಯಾರರು 1915ರಿಂದ 2015ರವರೆಗೆ ನೂರು ವರ್ಷ ಬಾಳಿದರು. ಕಾಸರಗೋಡಿನ ಕನ್ನಡಕ್ಕಾಗಿ ದನಿಯೆತ್ತಿದ ಕವಿ, ಪೆರಡಾಲದಲ್ಲಿ ಅಧ್ಯಾಪಕರಾಗಿದ್ದವರು. ಅವರ ಹೆಸರು ‘ಕಿಞ್ಞಣ್ಣ’. ಅಕ್ಷರಮಾಲೆಯಲ್ಲಿ ಚವರ್ಗದ ಕೊನೆಗೆ ಸುಮ್ಮನೆ ಕುಳಿತಿರುವ ಞಕಾರಕ್ಕೆ ನಮ್ಮ ಕಡೆ ಮನೆ ಮನೆಯಲ್ಲೂ ಕೆಲಸವಿದೆ. ಘಟ್ಟದ ಮೇಲಿನ ಕನ್ನಡಿಗರಲ್ಲೂ ಈ ಹೆಸರನ್ನು ತಪ್ಪಾಗಿ ಬರೆಯುವವರಿದ್ದಾರೆ. ಚಿಹ್ನೆಗಳನ್ನು ಕಳಚಿದರೆ ಉಳಿಯುವುದು ‘ಕಞಞಣಣ’. ಈ ಹೆಸರು ಸರಿಯಾಗಿ ಒಳಹೋಗಿ, ಸರಿಯಾಗಿ ಹೊರಬಂದರೆ ನಮ್ಮ ಬಾಗಿಲು ಗಟ್ಟಿ ಎಂದೇ ಲೆಕ್ಕ. ಒಳಹೋಯಿತು, ಹೊರಬಂದಿತು, ಒಂದು ಒತ್ತೂ ಬೀಳಲಿಲ್ಲ.

ಪಾಸ್‌ವರ್ಡಿನ ವಿಷಯದಲ್ಲಿ ಮತ್ತೊಂದು ವಿಚಿತ್ರ ಕಂಡಿತು. ಜಾಂಗೋದ ರೂಢಿಯ ನಿಯಮದಂತೆ ಪಾಸ್‌ವರ್ಡಿಗೆ ಕನಿಷ್ಠ 8 ವರ್ಣಗಳಿರಬೇಕು. ಪರೀಕ್ಷೆಗೆಂದು ‘ಮಂಜೇಶ್ವರ’ ಎಂದು ಕೊಟ್ಟೆವು. ನಮ್ಮ ಎಣಿಕೆಯಲ್ಲಿ ಅದು ನಾಲ್ಕಕ್ಷರ: ಮಂ, ಜೇ, ಶ್ವ, ರ. ಯಂತ್ರದ ಎಣಿಕೆಯಲ್ಲಿ ಸರಿಯಾಗಿ 8. ಅನುಸ್ವಾರ, ಏತ್ವ, ಹಲಂತ ಎಲ್ಲವೂ ಒಂದೊಂದು ವರ್ಣ. ‘ಕಾಸರಗೋಡು’ ಐದಕ್ಷರ, ಯಂತ್ರಕ್ಕೆ ಅದೂ 8. ಹೆಸರಿನಲ್ಲಿ ಬಂದಾಗ ‘ನೀನು ಅಕ್ಷರವಲ್ಲ’ ಎಂದು ಹೊರಗಟ್ಟಿದ ದೀರ್ಘವನ್ನೇ ಪಾಸ್‌ವರ್ಡಿನಲ್ಲಿ ಪೂರ್ಣ ವರ್ಣವೆಂದು ಎಣಿಸುವ ಈ ನ್ಯಾಯ ಕಂಡು ಮಕ್ಕಳು ಮತ್ತೆ ನಕ್ಕರು. ಇಲ್ಲಿ ಪೋಷಕರಿಗೂ ಒಂದು ಎಚ್ಚರಿಕೆಯ ಮಾತು. ಸುಲಭವಾಗಿ ಊಹಿಸಬಹುದಾದ ಸುಮಾರು 20,000 ಪಾಸ್‌ವರ್ಡ್‌ಗಳ ಪಟ್ಟಿಯೊಂದು ಜಾಂಗೋದಲ್ಲಿದೆ. ಅದರಲ್ಲಿರುವುದನ್ನು ಅದು ತಡೆಯುತ್ತದೆ. ಕನ್ನಡದ ಊರ ಹೆಸರನ್ನು ಅದು ತಡೆಯಲಿಲ್ಲ. ಯಂತ್ರ ಒಪ್ಪಿತೆಂದು ಊರ ಹೆಸರನ್ನೇ ಬೀಗದಕೈ ಮಾಡಿಕೊಂಡರೆ ಊರವರೆಲ್ಲರ ಕೈಯಲ್ಲೂ ಅದು ಇದ್ದಂತೆಯೇ.

ಕೊನೆಗೆ ಪಾಸ್‌ವರ್ಡ್ ಬದಲಾವಣೆಯ ಪರೀಕ್ಷೆ. ಶಾಲೆಯಲ್ಲಿ ಅತಿ ಹೆಚ್ಚು ಬೇಕಾಗುವ ಆಜ್ಞೆ ಇದೇ. ರಜೆ ಮುಗಿಸಿ ಬಂದ ಮಕ್ಕಳು ಮೊದಲು ಮರೆಯುವುದು ಪಾಸ್‌ವರ್ಡನ್ನು. ಹೊಸದನ್ನು ಎರಡು ಬಾರಿ ಬರೆಯಬೇಕು. ಮೂರು ಪ್ರಯತ್ನಗಳಲ್ಲೂ ಎರಡೂ ಹೊಂದದಿದ್ದರೆ ಆಜ್ಞೆ ಕೈಬಿಡುತ್ತದೆ. ಬದಲಿ ಪಾತ್ರಧಾರಿಗೆ ಬೇಕೆಂದೇ ತಪ್ಪು ಹೇಳಿಸಿ, ಮೂರನೆಯ ಸಲಕ್ಕೆ ಅದು ನಿಲ್ಲುವುದನ್ನೂ, ಹಳೆಯ ಪಾಸ್‌ವರ್ಡ್ ಹಾಗೆಯೇ ಉಳಿಯುವುದನ್ನೂ, ಕೈಬಿಡುವ ಸಂದೇಶದಲ್ಲಿ ಹೆಸರು ಇಡಿಯಾಗಿ ಬರುವುದನ್ನೂ ನೋಡಿಕೊಂಡೆವು. ಸೋಲಿನ ಸುದ್ದಿಯಲ್ಲೂ ಮಗುವಿನ ಹೆಸರು ಸರಿಯಾಗಿರಬೇಕು ಎಂದು ಆಗ್ರಹಿಸಿದವಳು ಅನಘಾ.

ಓಣಂ ರಜೆಗೆ ಮುಂಚಿನ ವಾರ ಆ ಮೂವರೂ ಮತ್ತೆ ಖಾತೆ ತೆರೆದರು. ಅನಘಾ ತನ್ನ ಹೆಸರು ಬರೆದು, ಮುಂದಿನ ಕೀಲಿ ಒತ್ತುವ ಮುನ್ನ ಬೆರಳನ್ನು ಗಾಳಿಯಲ್ಲಿ ತಡೆದು ನನ್ನತ್ತ ನೋಡಿದಳು. ಒತ್ತು ಎಂದೆ. ಯಂತ್ರ ಮುಂದಿನ ಪ್ರಶ್ನೆ ಕೇಳಿತು. ಅವಳು ಏನೂ ಹೇಳಲಿಲ್ಲ. ಪರದೆಯ ಮೇಲಿನ ದೀರ್ಘವನ್ನು ಬೆರಳಿನಿಂದ ಮುಟ್ಟಿ ನೋಡಿದಳು.

ಇದೊಂದು ಸಣ್ಣ ವಾಚನಾಲಯದ ಸಣ್ಣ ಸಂಗತಿ. ಇಂಗ್ಲಿಷಿನಲ್ಲಿ ಬರೆದಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಒಂದು ತಿಂಗಳು ವ್ಯಯಿಸಿದಿರಲ್ಲ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದುಂಟು. ಅವರ ಮಾತಿನಲ್ಲೂ ಸತ್ಯವಿದೆ. ನಾಳೆ ಈ ಮಕ್ಕಳು ಎದುರಿಸಬೇಕಾದ ಅನೇಕ ಯಂತ್ರಗಳು ಇಂಗ್ಲಿಷಿನಲ್ಲೇ ಹೆಸರು ಕೇಳುತ್ತವೆ, ಅವರು ಅದನ್ನೂ ಕಲಿಯಬೇಕು. ಆದರೆ ಬಾಗಿಲು ಚಿಕ್ಕದಾದರೆ ಮೈ ಕುಗ್ಗಿಸುವುದಲ್ಲದೆ ಬಾಗಿಲನ್ನೂ ಅಳೆದು ನೋಡಬಹುದು ಎಂಬುದನ್ನು ಅವರು ಎಲ್ಲಿ ಕಲಿಯಬೇಕು? ಕನ್ನಡ ಮಾಧ್ಯಮದಲ್ಲಿ ಕಲಿಯುವುದಕ್ಕೆ ಪ್ರಯೋಜನವೇನೆಂದು ಕೇಳುವವರಿಗೆ ನಾನು ದೊಡ್ಡ ಉತ್ತರಗಳನ್ನು ಕೊಡಲಾರೆ. ಕಾಗುಣಿತವನ್ನು ಚೆನ್ನಾಗಿ ಬಲ್ಲ ಮಗುವೇ ಯಂತ್ರದ ಈ ಕೊರತೆಯನ್ನು ಕಾಣಬಲ್ಲದು. ಬೇರೆಯವರಿಗೆ ಅದು ಕಾಣುವುದೇ ಇಲ್ಲ ಎಂದಷ್ಟೇ ಹೇಳಬಲ್ಲೆ.

ನಿಮ್ಮ ಮಕ್ಕಳು ಯಾವುದಾದರೂ ನಮೂನೆಯ ಮುಂದೆ, ಯಂತ್ರದ ಮುಂದೆ, ಕಚೇರಿಯ ಮುಂದೆ ತಮ್ಮ ಹೆಸರಿನ ಒಂದು ಚಿಹ್ನೆಯನ್ನು ಬಿಟ್ಟು ‘ಪರವಾಗಿಲ್ಲ’ ಎಂದಾಗ ಒಮ್ಮೆ ತಡೆದು ಕೇಳಿರಿ. ನಮ್ಮ ಪರೀಕ್ಷೆಗಳ ಕಡತದಲ್ಲಿ ಈಗ ಜೋ, ಜೂಲಿಯಾರ ಪಕ್ಕದಲ್ಲಿ ಕುಂಞಮ್ಮನೂ ಇದ್ದಾಳೆ. ಕ್ರಮವಿಧಿಯಲ್ಲಿ ಯಾವ ಸಣ್ಣ ಬದಲಾವಣೆ ಮಾಡಿದರೂ ಮಕ್ಕಳು ಆ ಪರೀಕ್ಷೆಗಳನ್ನು ಮೊದಲು ನಡೆಸುತ್ತಾರೆ. ಪ್ರತಿ ಸಲವೂ ಯಂತ್ರ ಅವಳ ಹೆಸರು ಕೇಳುತ್ತದೆ. ಪ್ರತಿ ಸಲವೂ ಅವಳು ಅದನ್ನು ಪೂರ್ತಿಯಾಗಿ ಹೇಳುತ್ತಾಳೆ.